ಇಪ್ಪತ್ತೈದು ಹೆಜ್ಜೆ

ಕಿರ್ರೆಂದು ಎಳೆದ ಸೀಮೆಸುಣ್ಣದ ಗೆರೆ, ಅದೇ ರಸ್ತೆಯಂತೆ, ಗೆರೆಯ ಮೇಲೊಂದು ಡಬ್ಬಿ, ಅದೇ ವಾಹನವಂತೆ, ಬ್ರೇಕ್ ಹಾಕಿದ ಮೇಲೆ ಹದಿನಾರು ಮೀಟರ್ ಜಾರಿ ನಿಂತಿದೆ, ಸೆಕೆಂಡಿಗೆ ಎಂಟರಂತೆ ವೇಗ ಇಳಿದಿದೆ, ಮೊದಲು ಎಷ್ಟು ವೇಗದಲ್ಲಿತ್ತು, ಬೇಗ ಬೇಗ ಮಾಡ್ರೋ, ಅಂದರು ಭೌತಶಾಸ್ತ್ರದ ಮಿಸ್ಸು — ಎಂಟೆರಡ್ಲ ಹದಿನಾರು, ಅದನ್ನು ಹದಿನಾರರಿಂದ ಗುಣಿಸು, ವರ್ಗಮೂಲ ಮತ್ತೆ ಹದಿನಾರೇ, ಇಷ್ಟೇನಾ, ಅಲ್ಲಿಗೆ ಅವಳ ಪೆನ್ಸಿಲ್ ನಿಲ್ಲಬೇಕಿತ್ತು, ನಿಲ್ಲಲಿಲ್ಲ, ಕೆಳಗೆ ಇಪ್ಪತ್ತೈದು ಅಂತ ಬರೆಯಿತು, ಯಾಕೆಂದರೆ ಹೋದ ತಿಂಗಳು ಶಾಲೆಗೆ ಹೊರಟವಳು ಸದ್ದು ಕೇಳಿ ಓಡಿಹೋಗಿ ಎಣಿಸಿದ್ದಳು, ಅಪ್ಪನ ಬ್ರೆಡ್ ವ್ಯಾನಿನ ಟೈರು ರಸ್ತೆಗೆ ಉಜ್ಜಿದ ಕಪ್ಪು ಪಟ್ಟೆಯ ಪಕ್ಕ, ಮೀಟರಿಗೊಂದರಂತೆ ಉದ್ದುದ್ದ ಹೆಜ್ಜೆ ಹಾಕಿ, ಇಪ್ಪತ್ತೈದು — ಯಾಕೆ ಎಣಿಸಿದಳೋ, ಬಿದ್ದಿದ್ದ ಟೈಲರ್ ಮಾಮನ ಕಡೆ ನೋಡಬಾರದು ಅಂತಿರಬೇಕು, ಎಣಿಸುವಾಗ ತಲೆ ಎತ್ತಬೇಕಿಲ್ಲವಲ್ಲ. ಪೊಲೀಸರು ಬರುವಷ್ಟರಲ್ಲಿ ಜಡಿಮಳೆ, ಪಟ್ಟೆ ಯಾರ ಕಣ್ಣಿಗೂ ಬೀಳಲಿಲ್ಲ, ಅಪ್ಪ ಹೇಳಿದ್ದನ್ನೇ ಬರೆದುಕೊಂಡರು, ನಲವತ್ತು ದಾಟಿರಲಿಲ್ಲ ಸಾರ್, ಸೈಕಲ್ಲು ತಟಕ್ಕನೆ ಅಡ್ಡ ಬಂತು, ಮನೆಯಲ್ಲೂ ಅದೇ, ಮುಟ್ಟದ ತಟ್ಟೆಯ ಮುಂದೆ ಕೂತು, ನಿನ್ನಾಣೆ ಮಗಳೇ, ನಲವತ್ತೇ, ಮತ್ತು ಅವಳು ಅವನ ಬೆನ್ನು ಸವರುತ್ತಾ, ನಂಗೊತ್ತಪ್ಪ, ನೀನು ಉಣ್ಣು. ಟೈಲರ್ ಮಾಮನ ಹೆಂಡತಿ ಬಂದಿದ್ದರು, ಅಪ್ಪನನ್ನು ಸಮಾಧಾನ ಮಾಡಲು, ಕೊರಗಬೇಡಿ ಅಣ್ಣ, ಅವರಿಗೆ ಮೊದಲೇ ಕಣ್ಣು ಮಂಜು, ಕನ್ನಡಕ ಹಾಕ್ಕೊಳ್ಳಿ ಅಂದ್ರೆ ಕೇಳ್ತಿರಲಿಲ್ಲ, ನೋಡದೆ ನುಗ್ಗಿರ್ತಾರೆ — ಅಪ್ಪ ಹೌದೆಂದು ತಲೆಯಾಡಿಸಿದ, ಆಡಿಸಿದ್ದು ಅವಳಿಗೆ ಈಗ ಕಾಣುತ್ತಿದೆ.

ಹದಿನಾರನ್ನು ಇಪ್ಪತ್ತೈದರಿಂದ ಗುಣಿಸಿದರೆ ನಾನೂರು, ವರ್ಗಮೂಲ ಇಪ್ಪತ್ತು, ಗಂಟೆಯ ಲೆಕ್ಕದಲ್ಲಿ ಎಪ್ಪತ್ತೆರಡು ಕಿಲೋಮೀಟರ್, ತಪ್ಪಿರಬೇಕು, ಇನ್ನೊಮ್ಮೆ ಮಾಡು, ಹೆಜ್ಜೆ ಗಿಡ್ಡವಿತ್ತು ಅನ್ನು, ಇಪ್ಪತ್ತೇ ಮೀಟರ್ ಅನ್ನು, ಆಗಲೂ ಅರವತ್ತು ದಾಟುತ್ತದೆ, ನಲವತ್ತಾಗಿದ್ದರೆ ಎಂಟು ಹೆಜ್ಜೆಗೆಲ್ಲ ನಿಂತಿರುತ್ತಿತ್ತು, ಎಂಟಕ್ಕೆ ನಿಂತಿದ್ದರೆ ಮಾಮ — ಏಯ್ ಕಿಟಕಿ ಪಕ್ಕದವಳೇ, ಎಷ್ಟು ಬಂತು? ಎಪ್ಪತ್ತೆರಡು ಮಿಸ್. ಕ್ಲಾಸು ಗೊಳ್ಳೆಂದಿತು. ಎಪ್ಪತ್ತೆರಡಾ, ಅದನ್ನ ಎಲ್ಲಿಂದ ತಂದೆ? ತಂದೆ, ಆ ಮಾತು ಕಿವಿಯಲ್ಲೇ ಕೂತುಬಿಟ್ಟಿತು, ಹೇಳಿಬಿಡಬಹುದು, ನಾಲ್ಕೇ ಮಾತು, ಆಮೇಲೆ ಅಪ್ಪ ಜೈಲಿಗೆ, ಆಮೇಲೆ ಆ ಹೆಂಗಸು ಸತ್ತ ಗಂಡನ ಕಣ್ಣನ್ನು ದೂರುವುದು ತಪ್ಪುತ್ತದೆ, ನಾಲ್ಕೇ ಮಾತು, ತಪ್ಪಾಯ್ತು ಮಿಸ್, ಹದಿನಾರು, ಅಂದಳು, ದನಿ ಥೇಟ್ ಅಪ್ಪನದೇ. ಕೂತು ರಬ್ಬರಿನಿಂದ ಉಜ್ಜಿದಳು, ಹಾಳೆ ಹರಿಯುವವರೆಗೆ, ಆಗ ಮತ್ತೆ ಅದೇ, ತಿಂಗಳಿಂದ ರೆಪ್ಪೆ ಮುಚ್ಚಿದರೆ ಸಾಕು ಬರುವ ಅದೇ, ಮಾಮನ ಚೀಲದಿಂದ ಜಾರಿದ ದಾರದ ರೀಲು, ಅವಳ ಯೂನಿಫಾರ್ಮಿನದೇ ನೀಲಿ, ಎಲ್ಲರೂ ಎಲ್ಲವೂ ನಿಂತಿದ್ದಾಗ ಅದೊಂದೇ ಇಳಿಜಾರಿಗೆ ಉರುಳುತ್ತಾ, ಬಿಚ್ಚಿಕೊಳ್ಳುತ್ತಾ, ನೀಲಿ, ಮಳೆಗೆ ಮುಂಚಿನ ಒಣ ರಸ್ತೆಯ ಮೇಲೆ ಉರುಳುತ್ತಾ, ದಾರ