ಒಡೆಯದ ಹೆಂಚು

ಅಮ್ಮಿಯ ಸೊಂಟದ ಎಲುಬು ಮುರಿದು ಮೂರು ವಾರವಾಗಿತ್ತು. ಮೂರು ತಿಂಗಳು ಮಂಚದಿಂದ ಅಲುಗಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ದೇವದುರ್ಗದ ನಮ್ಮ ಮನೆಯಲ್ಲಿ ಮಳೆ ಬಂದಾಗಲೆಲ್ಲ ಮಂಚವೇ ಅಲುಗಾಡಬೇಕಿತ್ತು. ಕಿಟಕಿಯ ಕಡೆ ಸೋರಿದರೆ ಗೋಡೆಗೆ, ಗೋಡೆಯ ಕಡೆ ಸೋರಿದರೆ ಬಾಗಿಲಿಗೆ ಅಡ್ಡ. ನಾನು ಎಳೆಯುತ್ತಿದ್ದೆ, ಅಮ್ಮಿ ಸೆರಗು ಕಚ್ಚಿ ಹಿಡಿಯುತ್ತಿದ್ದಳು. ಕೂಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮನೆ ನನ್ನದೇ. ಹದಿಮೂರು ವರ್ಷ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ಕಟ್ಟಿದ್ದು. ಮಾಳಿಗೆಯೂ ಬೇಡ, ತಗಡೂ ಬೇಡ ಎಂದು ಹಟ ಹಿಡಿದು ರಾಯಚೂರಿನಿಂದ ನಾರು ಬೆರೆಸಿದ ಸಿಮೆಂಟಿನ ತೆಳು ಹೆಂಚು ತರಿಸಿದವಳೂ ನಾನೇ. ಇಪ್ಪತ್ತು ವರ್ಷದ ಗ್ಯಾರಂಟಿ ಇತ್ತು. ಎರಡನೆಯ ಬೇಸಿಗೆಗೆ ಅಂಚು ಸೊಟ್ಟಗಾದವು, ಮೂರನೆಯ ಮಳೆಗಾಲಕ್ಕೆ ಹಪ್ಪಳದಂತೆ ಪದರು ಬಿಟ್ಟವು. ಓಣಿಯಲ್ಲಿ ಕಹಕಶಾನ್ ಟೀಚರ ಮನೆ ಎಂದರೆ ಸಾಕು, ಜನ ಮೊದಲು ಮೇಲೆ ನೋಡುತ್ತಿದ್ದರು.

ಕಂಪನಿಗೆ ಬರೆದೆ. ಕನ್ನಡದಲ್ಲೇ ಉತ್ತರ ಬಂತು: "ದೋಷವುಳ್ಳ ಹೆಂಚೊಂದನ್ನು ಒಡೆಯದ ಸ್ಥಿತಿಯಲ್ಲಿ ಮಾರಾಟಗಾರರಿಗೆ ಸಲ್ಲಿಸತಕ್ಕದ್ದು." ನಾಲ್ಕು ಸಲ ಓದಿದೆ. ಕಾಗುಣಿತ ಸರಿ, ವಿಭಕ್ತಿ ಸರಿ, ಕ್ರಿಯಾಪದ ಸರಿ. ಮುಟ್ಟಿದರೆ ಒಡೆಯುವುದೇ ಅದರ ದೋಷ. ಅದನ್ನು ಒಡೆಯದೆ ತರಬೇಕಂತೆ! ನನ್ನ ಐದನೇ ಕ್ಲಾಸಿನ ಮಕ್ಕಳು ಹೀಗೆ ಬರೆದಿದ್ದರೆ ಕಿವಿ ಹಿಂಡುತ್ತಿದ್ದೆ. ಕಂಪನಿಯ ಕಿವಿ ಎಲ್ಲಿದೆಯೋ ಯಾರಿಗೆ ಗೊತ್ತು?

ಹೆಂಚು ಹಾಕಿದ ಮೇಸ್ತ್ರಿ ತಿರುಪತಿಯನ್ನೇ ಕರೆಸಿದೆ. ಅವನು ಮೊದಲು ಅಮ್ಮಿಯ ಮಂಚದ ಮೇಲಿನ ಹೆಂಚಿಗೆ ಕೈ ಹಾಕಿದ. ಮೊಳೆ ಸಡಿಲಿಸುತ್ತಿದ್ದಂತೆ ಅದು ಎರಡು ತುಂಡಾಯಿತು. ಮುಂದಿನದು ಮೂರಾಯಿತು.

"ಟೀಚರ್ರೀ, ಇವು ಉಸುರು ಬಿಟ್ರ ಒಡಿತಾವ. ಇನ್ನೂ ತೆಗಿಲೇನ್ರೀ?"

"ತೆಗಿ ತಿರುಪತಿ. ಒಂದರ ಇಡೀದು ಸಿಗಲಿ."

ಏಳು ಒಡೆದವು. ಎಂಟನೆಯದನ್ನು ಅಡುಗೆಮನೆಯ ತುದಿಯಿಂದ, ಬೇವಿನ ನೆರಳಿದ್ದ ಕಡೆಯಿಂದ ತೆಗೆದ. ಅದು ಇಡಿಯಾಗಿ ಬಂತು. ತಿರುಪತಿ ಏಣಿಯ ಮೇಲೆಯೇ ನಕ್ಕ; ನಾನು ಕೆಳಗೆ ಚಪ್ಪಾಳೆ ತಟ್ಟಿದೆ. ಕಿಂಡಿಗಳಿಗೆ ತಾಡಪತ್ರಿ ಹೊದಿಸಿ ಕಲ್ಲು ಹೇರಿದೆವು. ನಾಲ್ಕೇ ದಿನ ತಡೆದುಕೋ, ಹೊಸ ಹೆಂಚು ಬರುತ್ತವೆ ಎಂದು ಅಮ್ಮಿಗೆ ನಮ್ಮ ದಖನಿ ಉರ್ದುವಿನಲ್ಲಿ ಹೇಳಿದೆ. "ಹೌ ಬೇಟಾ" ಎಂದಳು. ನಾನು ಏನು ಹೇಳಿದರೂ ಅವಳು ಅನ್ನುವುದು ಅಷ್ಟೇ.

ಹೆಂಚನ್ನು ಕೌದಿಯಲ್ಲಿ ಸುತ್ತಿ, ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಮಸರಕಲ್ ದಾಟುವವರೆಗೆ ಬಸ್ಸು ಗುಂಡಿಯಲ್ಲಿ ಹಾರಿದಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಅಮ್ಮಿಯನ್ನು ದವಾಖಾನೆಗೆ ಒಯ್ದಾಗಲೂ ಅಷ್ಟು ಜೋಪಾನ ಮಾಡಿರಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೆಂಚು ಮಾರಿದ ಅಂಗಡಿಯ ಮಹಾಂತಯ್ಯ ಒಳ್ಳೆಯ ಮನುಷ್ಯರು. ಚಹಾ ತರಿಸಿದರು. ಕಂಪನಿಯವನೊಬ್ಬ ಅಲ್ಲೇ ಬಂದು ಕೂತಿದ್ದ. ಅವನು ಹೆಂಚನ್ನು ತಿರುವಿ ನೋಡಿ, ಬೆರಳಿನಿಂದ ಬಡಿದ. ಟಣ್ ಎಂದಿತು.

"ಮೇಡಂ, ಇದು ಚಲೋ ಅದ ಅಲ್ರೀ!"

"ಉಳದವು ಒಡದಾವ್ರೀ. ಏಳು ಒಡದ ಮ್ಯಾಲೆ ಇದೊಂದು ಸಿಕ್ಕದ."

"ಒಡದದ್ದು ನಾವು ತಗೊಳ್ಳಂಗಿಲ್ರೀ. ಕಿತ್ತಾಗ ಒಡೀತೋ, ಮೊದ್ಲ ಒಡದಿತ್ತೋ, ಹೆಂಗ ಹೇಳೋದು?"

"ಹಂಗಾದ್ರ ಬಂದು ನೋಡ್ರಿ! ನಮ್ಮವ್ವ ಅದರ ಕೆಳಗ ಮಲಗ್ಯಾಳ."

"ನೋಡಾಕ ಬರ್ಬೇಕಂದ್ರ ಮೊದ್ಲ ಸ್ಯಾಂಪಲ್ ಫೇಲ್ ಆಗಬೇಕ್ರೀ."

ಮಹಾಂತಯ್ಯ ನೆಲ ನೋಡಿದರು. "ನನ್ನ ಕೈಯಾಗ ಏನೂ ಇಲ್ಲ ತಾಯಿ" ಎಂದರು. ಕಂಪನಿಯವನು 'ದೋಷ ಕಂಡುಬಂದಿಲ್ಲ' ಎಂದು ಬರೆದು ಸಹಿಗೆ ಕೊಟ್ಟ. ಆ ಹೆಂಚನ್ನು ಅವನ ಕಾಲ ಬಳಿಯೇ ಅಪ್ಪಳಿಸಬೇಕೆನಿಸಿತು. ಅಪ್ಪಳಿಸಲಿಲ್ಲ. ಮನೆಯಲ್ಲಿ ಎಂಟು ಕಿಂಡಿಗಳಿದ್ದವು, ಒಂದನ್ನಾದರೂ ಮುಚ್ಚಬೇಕಿತ್ತು. ಸಹಿ ಮಾಡಿ, ಹೆಂಚನ್ನು ಮತ್ತೆ ಕೌದಿಯಲ್ಲಿ ಸುತ್ತಿಕೊಂಡೆ.

ಆ ವಾರದ ಗಾಳಿಮಳೆ ತಾಡಪತ್ರಿಯನ್ನು ಎತ್ತಿ ಒಗೆಯಿತು. ಮಂಚ ಇಡಲು ಅಂಗೈಯಗಲ ಒಣ ಜಾಗ ಉಳಿಯಲಿಲ್ಲ. ಮರುದಿನ ಅಮ್ಮಿಯ ತಮ್ಮ, ನಮ್ಮ ಖಾಜಾಮಿಯಾ ಮಾಮು, ಮಟಮಾರಿಯಿಂದ ವ್ಯಾನು ತಂದ. ಮುರಿದ ಸೊಂಟ ಹೊತ್ತು ರಾಯಚೂರೂ ದಾಟಿ ಹೋಗಬೇಕು. ಬೇಡ ಎನ್ನಲು ನನ್ನ ಬಳಿ ಏನಿತ್ತು? ಅವಳ ಕಾಲ ಕಡೆ ನಾನೇ ಹಿಡಿದು ಎತ್ತಿದೆ.

ನೆರೆಮನೆಯ ಬಸವಂತಮ್ಮ ವ್ಯಾನಿನ ಬಳಿ ಬಂದಳು. "ಯಾಕ ಬೇ ಮುನವ್ವರ್ ಬೀ, ಇಂಥಾ ನೋವಿನ್ಯಾಗ ಎಲ್ಲಿಗೆ ಹೊಂಟಿ?"

ಅಮ್ಮಿ ಹಾಸಿಗೆಯಿಂದ ಕತ್ತು ಎತ್ತಿದಳು.

"ಮಗಳ ಮನಿ ಭಾಳ ತಂಪವ್ವ. ನನ್ನ ಎಲುಬು ತಡಿವಲ್ಲವು."

ಓಣಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು. ನಾನು ಗುಳಿಗೆ ಮರೆತೆನೆಂದು ನೆಪ ಹೇಳಿ ಒಳಗೆ ಹೋಗಿ, ಒದ್ದೆ ನೆಲದ ಮೇಲೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ.