ಜೂನಿನ ಚುಕ್ಕೆ

ಗ್ರೀಷ್ಮಾಳಿಗೆ ಗೆಡ್ಡೆಗಳಿರಲಿಲ್ಲ.

ಸಮೀಕರಣಗಳಿದ್ದವು. ತಿರುವನಂತಪುರದ ಸಂಸ್ಥೆಯೊಂದರಲ್ಲಿ ನಾಲ್ಕು ವರ್ಷ ಕೂತು ಬರೆದವು. ಕ್ಯಾನ್ಸರ್ ಗೆಡ್ಡೆ ಸಾಸಿವೆ ಕಾಳಿನಷ್ಟಿರುವಾಗ ಸುತ್ತಲಿಂದ ಒಸರುವ ಆಮ್ಲಜನಕದಲ್ಲೇ ಬದುಕುತ್ತದೆ. ಅದಕ್ಕಿಂತ ದೊಡ್ಡದಾಗಬೇಕಾದರೆ ರಕ್ತ ಬೇಕು. ಒಳಗಿನ ಹಸಿದ ಜೀವಕೋಶಗಳು ರಾಸಾಯನಿಕಗಳ ಮೂಲಕ ಹೇಳಿಕಳಿಸುತ್ತವೆ, ಹತ್ತಿರದ ರಕ್ತನಾಳಗಳು ಕವಲೊಡೆದು ಅತ್ತ ಚಾಚುತ್ತವೆ, ಗೆಡ್ಡೆಗೆ ಊಟ ಸಿಗುತ್ತದೆ. ಗೆಡ್ಡೆಗೊಂದು ಸಮೀಕರಣ, ಅದರ ರಕ್ತಕ್ಕೆ ಇನ್ನೊಂದು. ಎರಡನ್ನೂ ಜೋಡಿಸಿದ ಮಾದರಿಯನ್ನು ಕಂಪ್ಯೂಟರಿನಲ್ಲಿ ಓಡಿಸಿದರೆ ಆರು ತಿಂಗಳ ನಂತರ ಗೆಡ್ಡೆ ಎಷ್ಟಿರುತ್ತದೆಂದು ಹೇಳಬಹುದು. ಹೇಳಿದ್ದು ನಿಜವೋ ಸುಳ್ಳೋ ನೋಡಲು ಮಾತ್ರ ನಿಜವಾದ ರೋಗಿಗಳ ಸ್ಕ್ಯಾನ್ ಬೇಕು. ಯಾವ ಆಸ್ಪತ್ರೆಯೂ ಕೊಡಲಿಲ್ಲ. ಅವಳ ಪಿಎಚ್.ಡಿ. ಗೈಡ್ ನಟರಾಜರು ಮೈಸೂರಿನವರು, ನಿವೃತ್ತಿಯ ಅಂಚಿನಲ್ಲಿದ್ದವರು. ಪ್ರತಿ ಸೋಮವಾರ ಡೇಟಾ ಎಲ್ಲಮ್ಮ ಎಂದು ಕೇಳುತ್ತಿದ್ದರು, ಅವಳು ಹಾಸ್ಟೆಲಿನಲ್ಲಿ ಮರೆತು ಬಂದಿದ್ದಾಳೆ ಎಂಬಂತೆ.

ಕೊನೆಗೆ ದಾರಿ ಮಾಡಿಕೊಟ್ಟವಳು ಚಿಕ್ಕಮ್ಮ ಕುಸುಮಾವತಿ. ಕಾಸರಗೋಡಿನವಳು, ಕೊಚ್ಚಿಯಲ್ಲಿ ಬ್ಯಾಂಕ್ ಮ್ಯಾನೇಜರ್, ಯಾರ ಮಾತಿಗೂ ಸೊಪ್ಪು ಹಾಕದವಳು. ಬೇರೇನಕ್ಕೋ ತೆಗೆಸಿದ ಸ್ಕ್ಯಾನಿನಲ್ಲಿ ಅವಳ ಎಡ ಮೂತ್ರಪಿಂಡದಲ್ಲಿ ಸಣ್ಣ ಗೆಡ್ಡೆ ಕಂಡಿತ್ತು. ಈಗಲೇ ಕತ್ತರಿ ಬೇಡ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ಕಾಯೋಣ ಎಂದಿದ್ದರು ಡಾಕ್ಟರು.

“ನಿಂಗೆ ಗೆಡ್ಡೆ ಬೇಕಿತ್ತಲ್ಲ ಮಾರಾಯ್ತಿ,” ಎಂದಳು ಚಿಕ್ಕಮ್ಮ ಫೋನಿನಲ್ಲಿ. “ತಗೋ, ನನ್ನಲ್ಲೊಂದುಂಟು.”

ಅವಳೇ ಗ್ರೀಷ್ಮಾಳನ್ನು ತನ್ನ ಡಾಕ್ಟರ ಮುಂದೆ ಕೂರಿಸಿದಳು. ಹೀಗೆ ಕಾಯುತ್ತಿರುವ ನಲವತ್ತು ರೋಗಿಗಳ ಅಳತೆ ಕೊಡಲು ಅವರು ಒಪ್ಪಿದರು. ಹೆಸರಿಲ್ಲ, ಬರೀ ಸಂಖ್ಯೆ. ಚಿಕ್ಕಮ್ಮ ಮಾತ್ರ ತನ್ನ ಸಂಖ್ಯೆ ಕೇಳಿ ತಿಳಿದುಕೊಂಡು, ಹತ್ತೊಂಬತ್ತನ್ನು ಚೆನ್ನಾಗಿ ನೋಡಿಕೋ ಎಂದು ತಮಾಷೆ ಮಾಡಿದಳು.

ಅಳತೆಗಳನ್ನು ಕೂಡಿಸುವವನು ಡಾಕ್ಟರ ಸಹಾಯಕ ಋತ್ವಿಕ್. ಅವನು ಮೊದಲು ಕಳಿಸಿದ್ದು ಅವಳ ಪ್ರೋಗ್ರಾಮಿನಲ್ಲಿ ಓಡಲಿಲ್ಲ. ಕೋಷ್ಟಕದ ಎಷ್ಟೋ ಮನೆಗಳು ಖಾಲಿ. ಅವಳು ಸಿಟ್ಟಿನಲ್ಲಿ ಎರಡು ಸಾಲು ಬರೆದಳು: ಖಾಲಿ ಇದ್ದರೆ ಪ್ರೋಗ್ರಾಂ ನಿಂತುಹೋಗುತ್ತದೆ, ದಯವಿಟ್ಟು ಖಾಲಿ ಬಿಡಬೇಡಿ. ಬೇಕಾದರೆ ನೀವೇ ಓಡಿಸಿ ನೋಡಿ ಎಂದು ಪ್ರೋಗ್ರಾಮನ್ನೂ ಕಳಿಸಿದಳು.

ಆಗಸ್ಟಿನಲ್ಲಿ ಬಂದ ಡೇಟಾದಲ್ಲಿ ಒಂದು ಮನೆಯೂ ಖಾಲಿ ಇರಲಿಲ್ಲ. ಓಡಿಸಿದಳು. ಮಾದರಿ ಎಳೆದ ಗೆರೆಯ ಮೇಲೆ ಚುಕ್ಕೆಗಳು ಮಣಿ ಪೋಣಿಸಿದಂತೆ ಕೂತವು. ನಿಜವಾದ ಗೆಡ್ಡೆಗಳು ಹಾಗೆ ಕೂರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನಟರಾಜರಿಗೂ ಗೊತ್ತಿತ್ತು. ಇಬ್ಬರೂ ತಂಪಾನೂರಿನ ಹೋಟೆಲಿಗೆ ಹೋಗಿ ಬಿರಿಯಾನಿ ತಿಂದರು. ಪ್ರಬಂಧ ಸಂಶೋಧನಾ ಪತ್ರಿಕೆಗೆ ಹೋಯಿತು.

ಓಣಂಗೆ ಗ್ರೀಷ್ಮಾ ಕೊಚ್ಚಿಗೆ, ಎಡಪ್ಪಳ್ಳಿಯ ಚಿಕ್ಕಮ್ಮನ ಫ್ಲಾಟಿಗೆ ಹೋದಳು. ಎಲೆಯ ಮೇಲೆ ಅವಿಯಲ್, ಪಚ್ಚಡಿ, ಎಲ್ಲ ಹೋಟೆಲಿನದು. ಹತ್ತೊಂಬತ್ತು ಜಾಣ ರೋಗಿ, ಜೂನಿನ ಚುಕ್ಕೆ ಗೆರೆಯ ನಟ್ಟನಡುವೆ ಬಿದ್ದಿದೆ ಎಂದು ಅವಳು ಊಟದ ನಡುವೆ ಹೊಗಳಿದಳು.

“ಜೂನಿಂದಾ? ಜೂನಲ್ಲಿ ನಾನು ಸ್ಕ್ಯಾನಿಗೆ ಹೋಗ್ಲೇ ಇಲ್ವಲ್ಲ,” ಎಂದಳು ಚಿಕ್ಕಮ್ಮ. “ಆ ದಿನ ವಲ್ಲಾರ್ಪಾಡಂನಲ್ಲಿ ಸಾಲ ಕೇಳಿದ ಒಬ್ಬ ಪಾರ್ಟಿಯ ಗೋಡೌನ್ ನೋಡ್ಲಿಕ್ಕಿತ್ತು. ಆಸ್ಪತ್ರೆಯವರೇ ಫೋನ್ ಮಾಡ್ತಾರೆ ಅಂತ ಕಾದೆ, ಮಾಡ್ಲಿಲ್ಲ. ಮತ್ತೆ ಮೆಸೇಜ್ ಬಂತು, ಮುಂದಿನದ್ದು ಡಿಸೆಂಬರಿಗೆ ಅಂತ. ಹಾಗಾದ್ರೆ ಅರ್ಜೆಂಟ್ ಇಲ್ಲ ಅಂದ್ಕೊಂಡೆ.”

ಗ್ರೀಷ್ಮಾ ಎಲೆ ಮಡಚಿ ಎದ್ದಳು. ಪಾಯಸ ಇನ್ನೂ ಬಡಿಸಿರಲಿಲ್ಲ.

ಮರುದಿನ ಚಿಕ್ಕಮ್ಮನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಳು. ಮಾದರಿ ಮೂರು ಸೆಂಟಿಮೀಟರ್ ಎಂದಿತ್ತು. ಇದ್ದದ್ದು ಐದೂವರೆ. ಸುತ್ತ ಹೊಸ ರಕ್ತನಾಳಗಳ ಬಲೆ. ಗೆಡ್ಡೆಯ ಒಂದು ತುದಿ ಮೂತ್ರಪಿಂಡದ ರಕ್ತನಾಳದೊಳಕ್ಕೇ ಇಳಿದಿತ್ತು. ಜೂನಿನಲ್ಲಿ ಬಂದಿದ್ದರೆ ಗೆಡ್ಡೆಯನ್ನಷ್ಟೇ ತೆಗೆಯಬಹುದಿತ್ತು, ಈಗ ಮೂತ್ರಪಿಂಡವನ್ನೇ ತೆಗೆಯಬೇಕು ಎಂದರು ಸರ್ಜನ್.

ಅವಳು ಋತ್ವಿಕ್‌ನನ್ನು ಕಾರಿಡಾರಿನಲ್ಲೇ ಹಿಡಿದಳು. ಅವನು ಹೆದರಲಿಲ್ಲ, ಅವನಿಗೆ ಅರ್ಥವೇ ಆಗಿರಲಿಲ್ಲ.

“ನೀವೇ ಹೇಳಿದ್ದಲ್ವಾ ಚೇಚಿ, ಖಾಲಿ ಬಿಡಬೇಡಿ ಅಂತ. ನಿಮ್ಮ ಪ್ರೋಗ್ರಾಂ ಏನು ಹೇಳ್ತೋ ಅದನ್ನೇ ತುಂಬಿದೆ.”

ಅಂದರೆ ಅವಳ ಮಾದರಿ ತನ್ನದೇ ಊಹೆಯನ್ನು ತಾನೇ ಸರಿ ಎಂದು ತಲೆದೂಗಿತ್ತು. ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಬಾರದ ರೋಗಿಗಳಿಗೆ ಫೋನ್ ಮಾಡುವ ಮೇಜಿನವರೂ ಅದೇ ಅಂಕಿಗಳನ್ನು ನೋಡುತ್ತಿದ್ದರು. ಅಳತೆ ಇದೆ, ಆದ್ದರಿಂದ ರೋಗಿ ಬಂದು ಹೋಗಿದ್ದಾರೆ. ಹತ್ತೊಂಬತ್ತಕ್ಕೆ ಯಾರೂ ಫೋನ್ ಮಾಡಲಿಲ್ಲ.

ಬಿಟ್ಟುಹೋದ ಅಳತೆಗಳನ್ನು ತುಂಬುವುದು ಒಪ್ಪಿತ ವಿಧಾನ, ಅದಕ್ಕೊಂದು ಹೆಸರೇ ಇದೆ ಎಂದರು ಡಾಕ್ಟರು.

“ಹೆಸರಿದ್ರೆ ಸ್ಕ್ಯಾನ್ ಆದ ಹಾಗಾ?” ಎಂದು ಕೇಳಿದಳು ಗ್ರೀಷ್ಮಾ. ಅವರಿಗೆ ಮೀಟಿಂಗ್ ಇತ್ತು.

ತಿರುವನಂತಪುರಕ್ಕೆ ಬಂದವಳೇ ನಟರಾಜರ ಕೋಣೆಗೆ ನುಗ್ಗಿದಳು. ಅವರು ಪೂರ್ತಿ ಕೇಳಿಸಿಕೊಂಡರು, ಕನ್ನಡಕ ಒರೆಸಿದರು. ಮಾದರಿ ತಪ್ಪಲ್ಲ, ಡೇಟಾ ತಪ್ಪು. ಹತ್ತೊಂಬತ್ತನ್ನು ಕೈಬಿಟ್ಟರೆ ಮಿಕ್ಕದ್ದು ಚೆನ್ನಾಗಿಯೇ ಇದೆ. ಪತ್ರಿಕೆಯವರನ್ನು ಈಗ ಕೆಣಕುವುದು ಬೇಡ ಎಂದರು.

“ಹತ್ತೊಂಬತ್ತು ನನ್ನ ಚಿಕ್ಕಮ್ಮ, ಸಾರ್.”

“ಅದು ನಿಂಗೆ ಗೊತ್ತಿರಬಾರದಾಗಿತ್ತು ಕಣಮ್ಮ,” ಎಂದರು ನಟರಾಜರು. “ರೋಗಿ ಯಾರು ಅಂತ ತಿಳ್ಕೊಳ್ಳೋದು ನಿಯಮಕ್ಕೆ ವಿರುದ್ಧ.”

ಅವಳಿಗೆ ಮೇಜು ಮಗುಚಬೇಕೆನಿಸಿತು. ಮಗುಚಲಿಲ್ಲ. ಹಾಸ್ಟೆಲಿಗೆ ಹೋಗಿ, ಅವರನ್ನು ಕೇಳದೆ, ಪ್ರಬಂಧ ಹಿಂದಕ್ಕೆ ಪಡೆಯುತ್ತಿದ್ದೇನೆಂದು ಪತ್ರಿಕೆಗೆ ಬರೆದಳು. ಆಸ್ಪತ್ರೆಯ ಮೇಲಧಿಕಾರಿಗಳಿಗೂ ಬರೆದಳು: ತುಂಬಿದ ಅಳತೆಗಳನ್ನೆಲ್ಲ ಅಳಿಸಿ, ಬಾರದವರನ್ನೆಲ್ಲ ಕರೆಸಿ. ತಾನು ಇನ್ನು ಈ ವಿದ್ಯಾರ್ಥಿನಿಗೆ ಗೈಡ್ ಅಲ್ಲ ಎಂದು ನಟರಾಜರು ಅದೇ ವಾರ ಬರೆದುಕೊಟ್ಟರು.

ಆಪರೇಷನ್ ಆದ ಮೂರನೆಯ ದಿನ ಚಿಕ್ಕಮ್ಮ ದಿಂಬಿಗೊರಗಿ ಕೂತು ಗಂಜಿ ಕುಡಿಯುತ್ತಿದ್ದಳು. ಗ್ರೀಷ್ಮಾ ಡಾಕ್ಟರನ್ನು ಬೈದಳು, ಋತ್ವಿಕ್‌ನನ್ನು ಬೈದಳು, ನಟರಾಜರನ್ನು ಮಲಯಾಳದಲ್ಲಿ ಬೈದಳು. ಚಿಕ್ಕಮ್ಮ ಬಟ್ಟಲು ಖಾಲಿ ಮಾಡಿ ಪಕ್ಕಕ್ಕಿಟ್ಟಳು.

“ಆಗಸ್ಟ್ ಇಡೀ ನೀನು ಹತ್ತೊಂಬತ್ತನ್ನು ನೋಡ್ತಾ ಕೂತಿದ್ದಿ,” ಎಂದಳು. “ಸ್ಕ್ಯಾನ್ ಹೇಗಾಯ್ತು ಚಿಕ್ಕಮ್ಮ ಅಂತ ಒಂದು ಫೋನ್ ಮಾಡ್ಬಹುದಿತ್ತಲ್ಲ.”

ಗ್ರೀಷ್ಮಾ ಬಟ್ಟಲು ತೆಗೆದುಕೊಂಡು ಹೋಗಿ ತೊಳೆದಳು.

ಆಸ್ಪತ್ರೆ ನವೆಂಬರಿನಲ್ಲಿ ಎಲ್ಲರನ್ನೂ ಕರೆಸಿತು. ಸ್ಕ್ಯಾನ್ ಆಗದೆಯೇ ಅಳತೆ ತುಂಬಿದ್ದು ಹದಿಮೂರು ರೋಗಿಗಳಿಗೆ. ಒಂಬತ್ತು ಜನರ ಗೆಡ್ಡೆ ಇದ್ದಷ್ಟೇ ಇತ್ತು. ಹೋದದ್ದು ಕುಸುಮಾವತಿಯದೂ ಸೇರಿ ಮೂರು ಮೂತ್ರಪಿಂಡ, ಮತ್ತು ಕರೆಸಿದಾಗ ಬರಲು ಉಳಿದೇ ಇರದಿದ್ದ ಒಬ್ಬ ಮನುಷ್ಯ.