ಎರಡು ಕಾರ್ಡು, ಒಂದೇ ಇಪ್ಪತ್ತೆರಡು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಾಗಲಿಲ್ಲ ಅನ್ನಬೇಡಿ. ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಮೂಸಿ ನೋಡಿ, ಅದರ ಹಣೆಬರಹ ಓದುವ ಗಂಡು ನಮ್ಮ ಬೀದಿಯಲ್ಲಿ ಒಬ್ಬನೇ. ಆ ಒಬ್ಬ ಯಾರು ಅಂತ ಕೇಳಿ ನನಗೆ ಅವಮಾನ ಮಾಡಬೇಡಿ. ನಾನು ಎಂಟ್ರಿ ಕೊಟ್ಟರೆ ಬಾಗಿಲು ತೆರೆಯುವುದಿಲ್ಲ, ಗೋಡೆಯೇ ಪಕ್ಕಕ್ಕೆ ಸರಿಯುತ್ತದೆ. ಹಿನ್ನೆಲೆ ಸಂಗೀತ ನೀವೇ ಹಾಕಿಕೊಳ್ಳಿ.

ಒಂದೇ ದಿನದಲ್ಲಿ ಇಬ್ಬರು ಮೋಸಗಾರರ ಮುಖವಾಡ ಕಳಚಿದವನು ನಾನು. ಒಬ್ಬ ಸೆಕೆಂಡ್ ಹ್ಯಾಂಡ್ ಅಂಗಡಿಯವನು, ಇನ್ನೊಬ್ಬ ನನ್ನ ಜೀವದ ಗೆಳೆಯ. ಗೆಳೆಯ ಅಂತ ಬಿಟ್ಟೆನಾ? ಬಿಡುವ ಮಗನೇ ಅಲ್ಲ. ವಿಡಿಯೋ ಇದೆ. ನಮ್ಮ ಏರಿಯಾದ ಗೇಮ್ ಗ್ರೂಪಿನಲ್ಲಿರುವ ಹುಡುಗರೆಲ್ಲ ನೋಡಿ ಬೆಂಕಿಯ ಚಿತ್ರ ಹಾಕಿದ್ದಾರೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಬಾಯಿ ಇರುವುದು ನನಗೆ, ಆಟ ಬರುವುದು ತಂಗಿಗೆ. ಕಂಪ್ಯೂಟರಿನಲ್ಲಿ ಐದು ಜನ ಸೇರಿ ಗುಂಡು ಹಾರಿಸುವ ಆಟ. ದೊಡ್ಡ ತಂಡವೊಂದು ಅವಳನ್ನು ಕೊನೆಗೂ ಕರೆದಿತ್ತು. ಭಾನುವಾರ ಮೊದಲ ಪಂದ್ಯ. ತಂಡದ ನಾಯಕಿ ಒಂದು ಮಾತು ಹೇಳಿದ್ದಳು: "ನಿನ್ನ ಕಂಪ್ಯೂಟರ್ ತೆವಳ್ತಾ ಇದೆ. ಭಾನುವಾರದೊಳಗೆ ಒಂದು ಕಾರ್ಡ್ ಹಾಕಿಸ್ಕೊ. ಇಲ್ಲಾಂದ್ರೆ ಬೇರೆಯವಳನ್ನ ಸೇರಿಸ್ಕೋತೀವಿ, ಬೇಜಾರ್ ಮಾಡ್ಕೋಬೇಡ."

ಗ್ರಾಫಿಕ್ಸ್ ಕಾರ್ಡ್ ಎಂದರೆ ಆಟದ ಚಿತ್ರಗಳನ್ನು ಬಿಡಿಸಿಕೊಡುವ ಭಾಗ. ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೋ ಅಷ್ಟು ಫ್ರೇಮ್. ಅರವತ್ತು ಬಂದರೆ ಬೆಣ್ಣೆ. ನಮ್ಮ ಕಂಪ್ಯೂಟರಿನಲ್ಲಿ ಕಾರ್ಡೇ ಇರಲಿಲ್ಲ, ಒಳಗಿನ ಮುಖ್ಯ ಹಲಗೆ, ಅಂದರೆ ಮದರ್‌ಬೋರ್ಡೇ ಹೇಗೋ ಗೀಚಿಕೊಡುತ್ತಿತ್ತು. ಇಪ್ಪತ್ತು ಚಿಲ್ಲರೆ. ಅಷ್ಟರಲ್ಲಿ ಆಡಿದರೆ, ಶತ್ರು ನಮಗೆ ಗುಂಡು ಹೊಡೆದು, ಮನೆಗೆ ಹೋಗಿ, ಕೈ ತೊಳೆದುಕೊಂಡ ಮೇಲೆ ನಮಗೆ ಕಾಣಿಸುತ್ತಾನೆ.

ಅಮ್ಮ ಒಂದು ಕಾರ್ಡಿಗೆ ಒಪ್ಪಿದಳು. ಹೊಸದು ಕನಸಿನ ಮಾತು. ಹಳೆಯದರಲ್ಲಿ ನಾನು ಎರಡನ್ನು ಆರಿಸಿದೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ.

ಒಂದು ಅಂಗಡಿ ಅಂಕಲ್‌ದು. ತನ್ನ ಕಾಲದಲ್ಲಿ ರಾಜ. ಎರಡು ಫ್ಯಾನ್, ಇಟ್ಟಿಗೆಯಷ್ಟು ತೂಕ, ಕರೆಂಟಿಗೆ ಎರಡು ಪ್ಲಗ್. ಶಕ್ತಿ ಜಾಸ್ತಿ, ಮೆಮೊರಿ ನಾಲ್ಕೇ ಜಿಬಿ. ಅದಕ್ಕೆ ಎಮ್ಮೆ ಅಂತ ಹೆಸರಿಟ್ಟೆ. ಇನ್ನೊಂದು ನನ್ನ ಗೆಳೆಯ ಗೂಳಿಯದು. ಎಮ್ಮೆಗಿಂತ ಎರಡು ವರ್ಷ ಚಿಕ್ಕದು, ಒಂದೇ ಫ್ಯಾನ್, ಒಂದೇ ಪ್ಲಗ್, ಮೆಮೊರಿ ಆರು ಜಿಬಿ. ಕಾಗದದ ಮೇಲೆ ಎಮ್ಮೆಗಿಂತ ಸ್ವಲ್ಪ ನಿಧಾನ, ಆದರೆ ಕರೆಂಟು ಕಡಿಮೆ ತಿನ್ನುತ್ತದೆ. ಅದು ಅಳಿಲು. ಗೂಳಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾನೆ. ಕತ್ತು ನೋಡಿ ಆ ಹೆಸರು ಬಂತೇ ಹೊರತು ಅವನು ಗಟ್ಟಿಯಾಗಿ ಸೀನುವುದೂ ಇಲ್ಲ. ಎರಡು ಪಾಳಿ ಕೆಲಸ ಶುರುವಾದ ಮೇಲೆ ಆಡಲು ಪುರುಸೊತ್ತಿಲ್ಲದೆ ಕಾರ್ಡ್ ಮಾರಲು ಹೊರಟಿದ್ದ.

ಎರಡನ್ನೂ ಮನೆಗೆ ತಂದೆ. ಹಾಕಿ ನೋಡಿ, ಗೆದ್ದದ್ದನ್ನು ಇಟ್ಟುಕೊಂಡು ಸೋತದ್ದನ್ನು ವಾಪಸ್ ಕೊಡುವುದು ಒಪ್ಪಂದ. ಎಮ್ಮೆ ಕೊಡುವಾಗ ಅಂಕಲ್ ಏನೋ ಎಸ್‌ಎಂಪಿಎಸ್ ವಿಷಯ ಗೊಣಗಿದರು. ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಡಬ್ಬಿ ಅದು. "ಅಂಕಲ್, ಸಿಂಹಕ್ಕೆ ಬೇಟೆ ಹೇಳ್ಕೊಡ್ಬೇಡಿ" ಅಂದು ಹೊರಟು ಬಂದೆ.

ಕಂಪ್ಯೂಟರ್ ಇರುವುದು ಅಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿ. ಶನಿವಾರ ಬೆಳಿಗ್ಗೆ ಅದರ ಮುಚ್ಚಳ ಬಿಚ್ಚಿ ಅಳಿಲನ್ನು ಕೂರಿಸಿದೆ, ಪ್ಲಗ್ ಕೊಟ್ಟೆ, ಆಟ ಹಾಕಿದೆ. ಇಪ್ಪತ್ತೆರಡು ಫ್ರೇಮ್. ಫ್ಯಾನ್ ಸುತ್ತು ಹೊಡೆಯಲೇ ಇಲ್ಲ. ಕಿತ್ತು ಎಮ್ಮೆ ಹಾಕಿದೆ. ಇಪ್ಪತ್ತೆರಡು. ಎರಡು ಫ್ಯಾನೂ ಕೈ ಕಟ್ಟಿ ಕೂತಿದ್ದವು.

"ಕಾರ್ಡ್ ಇಲ್ದಾಗ್ಲೂ ಇಷ್ಟೇ ಬರ್ತಿತ್ತಲ್ಲ ಅಣ್ಣ," ಅಂದಳು ತಂಗಿ.

"ಅದನ್ನೇ ಹೇಳ್ತಿರೋದು. ಕಾರ್ಡ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಅಂದ್ರೆ ಎರಡೂ ಹೆಣ."

"ಎರಡೂ ಒಟ್ಟಿಗೆ ಹೇಗೆ ಸಾಯ್ತವೆ? ನಾವೇ ಏನೋ ತಪ್ಪು ಮಾಡಿರ್ಬೇಕು. ಒಂದ್ಸಲ ಎಲ್ಲಾ ಬಿಚ್ಚಿ ನೋಡೋಣ."

"ನೀನು ಆಡೋದು ನೋಡ್ಕೊ. ಕಾರ್ಡ್ ವಿಷಯ ಗಂಡಸರಿಗೆ ಬಿಡು."

ಅಮ್ಮ ಕತ್ತರಿ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾವ ಗಂಡಸ್ರು? ಮನೇಲಿ ಯಾರೂ ಕಾಣ್ತಿಲ್ವಲ್ಲ."

ನನಗೆ ಪಿತ್ತ ನೆತ್ತಿಗೇರಿತು. ತಂಗಿಯ ಜಾಗ ಹೋಗುತ್ತದೆ, ಇವರಿಬ್ಬರು ಸತ್ತ ಕಾರ್ಡು ದಾಟಿಸಿ ಒಳಗೊಳಗೇ ನಗುತ್ತಾರೆ. ಅಂಗಡಿಯವನು ಮೋಸ ಮಾಡಿದರೆ ವ್ಯಾಪಾರ ಅನ್ನಬಹುದು. ಗೂಳಿ? ಒಂದೇ ಬೆಂಚಿನಲ್ಲಿ ಕೂತು, ಒಂದೇ ಪೇಪರಿನಿಂದ ಕಾಪಿ ಹೊಡೆದು, ಒಟ್ಟಿಗೆ ಫೇಲಾದವರು ನಾವು. ಎಮ್ಮೆಯನ್ನು ಕಂಪ್ಯೂಟರಿನೊಳಗೇ ಬಿಟ್ಟು, ಅಳಿಲನ್ನು ಕೈಯಲ್ಲಿ ಹಿಡಿದು, ಮೊಬೈಲ್ ಕ್ಯಾಮೆರಾ ಆನ್ ಮಾಡಿಕೊಂಡೇ ಲಾಂಡ್ರಿಗೆ ನುಗ್ಗಿದೆ.

ಒಳಗೆಲ್ಲ ಹಬೆ. ಕೌಂಟರಿನ ಮುಂದೆ ನಾಲ್ಕೈದು ಗಿರಾಕಿಗಳು ಗಂಟು ಹಿಡಿದು ನಿಂತಿದ್ದರು.

"ಲೇ ಗೂಳಿ, ಬಾರೋ ಈಚೆ."

"ಇರೋ, ಈ ಶರ್ಟ್ ಒಂದು ಮುಗಿಸ್ತೀನಿ."

"ಶರ್ಟಿಗೆ ಇಸ್ತ್ರಿ, ಸ್ನೇಹಕ್ಕೆ ಬೆಂಕಿ. ಎರಡೂ ನಿನ್ನ ಕೈಯಲ್ಲೇ."

ಅವನು ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಬಂದ. "ಏನಾಯ್ತೋ?"

"ಸತ್ತ ಕಾರ್ಡ್ ಕೊಟ್ಟು ಏನಾಯ್ತು ಅಂತ ಕೇಳ್ತೀಯಲ್ಲ, ನಿನ್ನ ಆಕ್ಟಿಂಗಿಗೆ ಅವಾರ್ಡ್ ಕೊಡ್ಬೇಕು. ಇಪ್ಪತ್ತೆರಡು ಫ್ರೇಮ್. ಫ್ಯಾನ್ ಅಲ್ಲಾಡ್ಲಿಲ್ಲ."

"ಆಗೋಕೇ ಸಾಧ್ಯ ಇಲ್ಲ. ಹೋದ ವಾರ ತನಕ ಆಡಿದೀನಿ. ಸರಿಯಾಗಿ ಹಾಕಿದ್ಯಾ?"

"ನಂಗೇ ಪಾಠಾನಾ? ಜನಗಳೇ ನೋಡ್ರಪ್ಪ, ಇವನ ಮುಖ ಸರಿಯಾಗಿ ನೋಡ್ಕೊಳ್ಳಿ. ಗೆಳೆಯನ ತಂಗಿಗೆ ಕೆಟ್ಟ ಮಾಲು ಮಾರೋ ಮುಖ. ನಾಳೆ ನಿಮ್ಮ ಬಟ್ಟೇಲೂ ಏನ್ ಬದಲಾಯಿಸ್ತಾನೋ."

ಗಿರಾಕಿಯೊಬ್ಬಳು ಕೌಂಟರಿನ ಮೇಲಿಟ್ಟಿದ್ದ ಗಂಟನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು. ಗೂಳಿ ಅದನ್ನು ನೋಡಿದ. ಅವನ ಕಿವಿ ಕೆಂಪಾಯಿತು.

"ಕ್ಯಾಮೆರಾ ಇಳಿಸು."

"ಸತ್ಯಕ್ಕೆ ಕ್ಯಾಮೆರಾ ಅಂದ್ರೆ ಭಯ ಇಲ್ಲ ಮಗನೆ."

"ಇನ್ನೂ ಒಂದ್ ಪೈಸೆ ಇಸ್ಕೊಂಡಿಲ್ಲ ನಿನ್ನ ಹತ್ರ. ಹಾಕಿ ನೋಡು ಅಂತ ಸುಮ್ನೆ ಕೊಟ್ಟೆ. ಮೋಸ ಮಾಡೋನು ಹಂಗೆ ಕೊಡ್ತಾನೇನೋ?" ನನ್ನ ಕೈಯಿಂದ ಅಳಿಲನ್ನು ಕಿತ್ತುಕೊಂಡು ಟವೆಲ್ಲಿನಲ್ಲಿ ಸುತ್ತಿದ. "ನಡಿ ಆಚೆ."

ಅಲ್ಲಿಂದ ನೇರ ಅಂಗಡಿಗೆ. ಅಂಕಲ್ ಮಾತ್ರ ಜಗ್ಗುವ ಆಸಾಮಿಯಲ್ಲ.

"ಕೂಗ್ಬೇಡ. ಕಾರ್ಡ್ ಎಲ್ಲಿ? ತಗೊಂಡ್ ಬಾ, ನಿನ್ನ ಕಣ್ಮುಂದೆನೇ ಹಾಕಿ ತೋರಿಸ್ತೀನಿ."

"ಸಾಕ್ಷಿ ನನ್ನ ಮನೇಲಿ ಭದ್ರವಾಗಿದೆ."

"ಹಂಗಾದ್ರೆ ನೀನೂ ಮನೇಲೇ ಭದ್ರವಾಗಿರು. ಗಿರಾಕಿ ಬರೋ ಹೊತ್ತು."

ನಾನು ಅದನ್ನೂ ರೆಕಾರ್ಡ್ ಮಾಡಿದೆ. ಎರಡನ್ನೂ ಜೋಡಿಸಿ, "ಇಬ್ಬರು ಕಳ್ಳರು" ಅಂತ ದಪ್ಪ ಅಕ್ಷರದಲ್ಲಿ ಬರೆದು ಗ್ರೂಪಿಗೆ ಬಿಟ್ಟೆ. ಮನೆ ಸೇರುವಷ್ಟರಲ್ಲಿ ಬೆಂಕಿಯೋ ಬೆಂಕಿ.

ತಂಗಿ ಮೇಜಿನ ಹಿಂದೆ, ಟಾರ್ಚ್ ಹಿಡಿದು ಕೂತಿದ್ದಳು. ಬಟ್ಟೆಯ ಚೂರುಗಳ ಮೇಲೆ ಮಂಡಿಯೂರಿದ್ದಳು. ತಿರುಗಿ ನೋಡಲಿಲ್ಲ.

"ಅಣ್ಣ, ಬಾ ಇಲ್ಲಿ. ಮಾನಿಟರಿನ ವೈರ್ ಎಲ್ಲಿ ಚುಚ್ಚಿದೀಯ?"

"ಮುಂಚೆ ಎಲ್ಲಿತ್ತೋ ಅಲ್ಲೇ."

"ಮುಂಚೆ ಇದ್ದಿದ್ದು ಮದರ್‌ಬೋರ್ಡಲ್ಲಿ. ಕಾರ್ಡ್ ಹಾಕಿದ್ಮೇಲೆ ಕಾರ್ಡಿಗೆ ಚುಚ್ಬೇಕಲ್ವಾ? ಇದರ ಪ್ಲಾಸ್ಟಿಕ್ ಮುಚ್ಚಳಾನೂ ತೆಗ್ದಿಲ್ಲ ನೀನು."

ಬಗ್ಗಿ ನೋಡಿದೆ. ಎಮ್ಮೆಯ ಹಿಂದಿನ ತೂತುಗಳೆಲ್ಲ ಕಪ್ಪು ಮುಚ್ಚಳ ಹಾಕಿಕೊಂಡು ಮಲಗಿದ್ದವು. ವೈರು ಅದಕ್ಕಿಂತ ಗೇಣು ಮೇಲೆ, ಹಳೆಯ ಜಾಗದಲ್ಲಿ. ಕಾರ್ಡು ಒಳಗೆ ಕೂತು ಕಾಯುತ್ತಿತ್ತು. ಆಟ ನಡೆದದ್ದು ಮದರ್‌ಬೋರ್ಡಿನ ಗೀಚಾಟದಲ್ಲೇ. ಎರಡು ಕಾರ್ಡನ್ನು ಹೋಲಿಸುತ್ತೇನೆಂದು ಹೊರಟು, ಕಾರ್ಡಿಲ್ಲದ ಕಂಪ್ಯೂಟರನ್ನು ಎರಡು ಸಲ ನೋಡಿದ್ದೆ.

ಅವಳು ವೈರು ಬದಲಿಸಿದಳು. ಎರಡು ಫ್ಯಾನೂ ಗರ್ರ್ ಎಂದು ಎದ್ದವು. ಎಪ್ಪತ್ತನಾಲ್ಕು ಫ್ರೇಮ್. ಅವಳ ಮುಖ ಅರಳಿತು, ಅದೂ ಸ್ವಲ್ಪ ಹೊತ್ತು. ಆಟ ಬಿಸಿಯೇರಿ ಎದುರಾಳಿಗಳು ಒಟ್ಟಿಗೆ ಬಂದದ್ದೇ ಟಪ್. ಕಂಪ್ಯೂಟರ್ ಪೂರ್ತಿ ಆರಿಹೋಯಿತು. ಮತ್ತೆ ಹಾಕಿದಳು, ಮತ್ತೆ ಟಪ್. ನಮ್ಮ ಎಸ್‌ಎಂಪಿಎಸ್ ಚಿಕ್ಕದು. ಎಮ್ಮೆಗೆ ಮೇವು ಹಾಕುವ ತಾಕತ್ತು ಅದಕ್ಕಿಲ್ಲ. ಅಂಗಡಿಯಲ್ಲಿ ಎಮ್ಮೆ ಎಷ್ಟೇ ಗೆದ್ದರೂ ನಮ್ಮ ಮನೆಯಲ್ಲಿ ಗೆಲ್ಲುವುದು ಅಳಿಲೇ. ಆ ಅಳಿಲು ಟವೆಲ್ ಸುತ್ತಿಕೊಂಡು ಗೂಳಿಯ ಹತ್ತಿರ ಇತ್ತು.

ಕೂಡಲೇ ವಿಡಿಯೋ ಅಳಿಸಿದೆ. ಆದರೆ ಅಷ್ಟು ಹೊತ್ತಿಗೆ ಅದು ಎಲ್ಲೆಲ್ಲಿಗೋ ಹೋಗಿಬಿಟ್ಟಿತ್ತು.

"ನೀನೇ ಹೋಗಿ ಕೇಳೇ," ಅಂದೆ ತಂಗಿಗೆ. "ನೀನು ಕೇಳಿದ್ರೆ ಇಲ್ಲ ಅನ್ನಲ್ಲ ಅವನು."

"ನಾನ್ಯಾಕೆ ಕೇಳ್ಲಿ? ಬೈದಿದ್ದು ನಾನಾ?" ಅವಳ ದನಿ ನಡುಗುತ್ತಿತ್ತು. ಅಳು ಅಂದುಕೊಂಡೆ, ಅಲ್ಲ, ಸಿಟ್ಟು. "ಬೆಳಿಗ್ಗೆ ಬಾಯಿಬಿಟ್ಟು ಹೇಳ್ದೆ, ನಾವೇ ತಪ್ಪು ಮಾಡಿದೀವಿ, ಬಿಚ್ಚಿ ನೋಡೋಣ ಅಂತ. ನಿಂಗೆ ನನ್ನ ಆಟ ಬೇಕಾಗಿರ್ಲಿಲ್ಲ. ನಿನ್ನ ಸಿನಿಮಾ ಬೇಕಾಗಿತ್ತು. ನಾಳೆ ನನ್ನ ಜಾಗ ಹೋದ್ರೆ ನಿನ್ನ ಮುಖ ನೋಡಲ್ಲ ನಾನು."

ಅಮ್ಮ ಸೂಜಿ ಬಾಯಲ್ಲಿಟ್ಟುಕೊಂಡೇ ಬಾಗಿಲ ಕಡೆ ತಲೆ ಆಡಿಸಿದಳು. ಹೋಗು ಅಂತ.

ಲಾಂಡ್ರಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ, ಹಿಂದೆಯೇ ತಂಗಿ. ಗೂಳಿ ನೆಲ ಒರೆಸುತ್ತಿದ್ದ.

"ಓನರ್ ಕೇಳಿದ್ರು," ಅಂದ, ತಲೆಯೆತ್ತದೆ. "ಕಳ್ಳ ಮಾಲು ಮಾರ್ತೀಯಂತಲ್ಲ, ಸೋಮವಾರ ಬಾ, ಮಾತಾಡೋಣ ಅಂತ. ಕೆಲಸ ಇರುತ್ತೋ ಇಲ್ವೋ. ಈಗ ಏನ್ ಬಂತು, ಎರಡನೇ ಭಾಗನಾ?"

"ಮಗಾ, ಸ್ನೇಹ ಅನ್ನೋದು ಸಮುದ್ರ ಇದ್ದಂಗೆ, ಅಲೆ ಎಷ್ಟೇ..."

ಅವನು ಒರೆಸುವ ಕೋಲನ್ನು ನೆಲಕ್ಕೆ ಬಡಿದ. ನೀರು ನನ್ನ ಪ್ಯಾಂಟಿಗೆ ಹಾರಿತು. ಅವನ ಗಟ್ಟಿ ದನಿ ನಾನು ಕೇಳಿದ್ದು ಅದೇ ಮೊದಲು.

"ಡೈಲಾಗ್ ಹೊಡೀಬೇಡ. ಇನ್ನೊಂದ್ ಡೈಲಾಗ್ ಹೊಡೆದ್ರೆ ಈ ಬಕೆಟ್ ನಿನ್ನ ತಲೆ ಮೇಲಿರುತ್ತೆ. ಏನಾಯ್ತು, ಅದನ್ನ ಹೇಳು."

ಬೀದಿಯಲ್ಲಿ ಎಲ್ಲರಿಗಿಂತ ಉದ್ದ ನಾಲಿಗೆ ನನ್ನದು, ಆದರೆ ಒಂದು ಸರಳ ವಾಕ್ಯ ಹೊರಡಲಿಲ್ಲ. ತಂಗಿ ಹೇಳಿಬಿಡುತ್ತಾಳೇನೋ ಎಂದು ಅವಳ ಮುಖ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು.

ಗೂಳಿ ಕಪಾಟಿನಿಂದ ಟವೆಲ್ಲಿನ ಗಂಟು ತೆಗೆದು ಅವಳ ಕೈಗಿಟ್ಟ. "ತಗೋಮ್ಮ. ಇದು ನಿಂಗೆ, ಅವನಿಗಲ್ಲ. ಹೋಗಿ ಹಾಕ್ಕೊ. ಫ್ಯಾನ್ ತಿರುಗ್ಲಿಲ್ಲ ಅಂದ್ನಲ್ಲ, ವೈರ್ ಕಾರ್ಡಿಗೇ ಚುಚ್ಚು."

"ಗೊತ್ತಣ್ಣ," ಅಂದಳು. ಶಟರ್ ದಾಟಿ ಓಡಿದಳು. ನಾನೂ ತಿರುಗಿದೆ.

"ನೀನೆಲ್ಲಿಗೆ? ಬೆಳಿಗ್ಗೆ ಎಲ್ಲಿ ನಿಂತು ಕೂಗಿದ್ಯೋ ಅಲ್ಲೇ ನಿಂತ್ಕೊ. ಅದೇ ಮೊಬೈಲು, ಅದೇ ಗ್ರೂಪು. ನಂಗೆ ಹೇಳ್ಬೇಡ, ಅವರಿಗೆ ಹೇಳು."

ಕೌಂಟರಿನ ಮುಂದೆ ನಿಂತು ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದೆ. ಮೊದಲ ಸಲ ನಕ್ಕುಬಿಟ್ಟೆ, ಅಳಿಸಿದೆ. ಎರಡನೇ ಸಲ ಎಸ್‌ಎಂಪಿಎಸ್ ಮೇಲೆ ತಪ್ಪು ಹಾಕಿದೆ. ಗೂಳಿ ಅಳಿಸು ಅಂದ. ಮೂರನೇ ಸಲ ಹೇಳಿದೆ, ನಿಮಗೂ ಅದನ್ನೇ ಹೇಳುತ್ತೇನೆ.

"ಗೂಳಿ ಕಾರ್ಡ್ ಚೆನ್ನಾಗಿದೆ. ಅಂಕಲ್ ಕಾರ್ಡೂ ಚೆನ್ನಾಗಿದೆ. ಯಾರೂ ಮೋಸ ಮಾಡಿಲ್ಲ. ವೈರನ್ನ ನಾನೇ ಕಾರ್ಡಿಗೆ ಚುಚ್ಚಿರ್ಲಿಲ್ಲ. ಫ್ಯಾನ್ ತಿರುಗ್ದೆ ಇದ್ದಾಗ ನಂಗೂ ಅನುಮಾನ ಬಂದಿತ್ತು. ತಂಗಿ ಬಿಚ್ಚಿ ನೋಡೋಣ ಅಂದಾಗ ಬಿಚ್ಲಿಲ್ಲ. ಯಾಕಂದ್ರೆ ಬಿಚ್ಚಿದ್ರೆ ಅವಳಿಗೆ ಗೊತ್ತಾಗ್ತಿತ್ತು. ನಾನು ನನ್ನ ಜನ್ಮದಲ್ಲಿ ಕಾರ್ಡ್ ಹಾಕಿದ್ದು ಅದೇ ಮೊದಲ ಸಲ."